ನೆರೆಯ ನಂಟಿನ ವಯಸ್ಸು



ತುರೋರಿಯ ಈ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ನಾವು ಕೆಲವರು ಇಂದು ಗಣಕಜಾಲಗಳನ್ನು ಕಾಯುವ ಕೆಲಸದಲ್ಲಿದ್ದೇವೆ. ಜಾಲದ ಕವಲುಗಳಲ್ಲಿ ರೌಟರ್ ಎಂಬ ಯಂತ್ರಗಳಿರುತ್ತವೆ. ಓಎಸ್‌ಪಿಎಫ್ ಎಂಬ ನಿಯಮದಂತೆ ಅವು ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ನೆರೆಯ ರೌಟರಿಗೆ ‘ಹಲೋ’ ಎನ್ನುತ್ತವೆ. 40 ಸೆಕೆಂಡು ಅತ್ತಣಿಂದ ಹಲೋ ಕೇಳದಿದ್ದರೆ ನೆರೆಯವನು ಇಲ್ಲವಾದನೆಂದು ಬಗೆದು, ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಲೆಕ್ಕದಿಂದ ಬೇರೆ ದಾರಿ ಹುಡುಕುತ್ತವೆ. ಗಡಿಯೂರಿನವರಾದ ನಮಗೆ ‘ನೆರೆ’ ಎಂಬ ಮಾತೇನೂ ಹೊಸದಲ್ಲವಷ್ಟೆ!

ಹೋದ ನೆರೆಯವನ ಚಿಂತೆ ಸಣ್ಣದು. ಕ್ಷಣಕ್ಕೊಮ್ಮೆ ಬಂದು ಹೋಗುವವನದೇ ಕಾಟ. ಪ್ರತಿ ಸಲವೂ ಎಲ್ಲ ರೌಟರುಗಳೂ ಲೆಕ್ಕವನ್ನು ಮತ್ತೆ ಹಾಕಬೇಕು. ಒಮ್ಮೆ ರಾತ್ರಿಯಿಡೀ ದೀಪಗಳು ಹಸಿರಾಗಿಯೇ ಇದ್ದವು, ಐದು ನಿಮಿಷಕ್ಕೊಮ್ಮೆ ಕಳಿಸಿದ ಪಿಂಗ್‌ಗೂ ಉತ್ತರ ಬರುತ್ತಿತ್ತು. ಆದರೂ ದೂರದ ಕಚೇರಿಯೊಂದರಿಂದ ದೂರು ನಿಲ್ಲಲಿಲ್ಲ. ಅವರದೇ ತಪ್ಪೆಂದು ನಾವು ವಾದಿಸಿದೆವು. ಕೊನೆಗೆ ನೆರೆಯ ನಂಟಿನ ವಯಸ್ಸು ನೋಡಿದರೆ, ಎರಡೇ ನಿಮಿಷ! ಎರಡು ಪಿಂಗ್‌ಗಳ ನಡುವೆ ನಂಟು ಹರಿದು ಮತ್ತೆ ಕೂಡುತ್ತಿತ್ತು. ಕಾರಣ, ಫೈಬರ್ ತಂತಿಯ ತುದಿಗೆ ಅಂಟಿದ್ದ ಧೂಳು. ಒರೆಸಿದೆವು, ಆ ಕಚೇರಿಯವರ ಕ್ಷಮೆಯನ್ನೂ ಕೇಳಿದೆವು. ಈಗ ಪ್ರತಿ ನಂಟಿನ ವಯಸ್ಸನ್ನೂ ಅದು ಹರಿದ ಸಲಗಳನ್ನೂ ದಿನವೂ ಬರೆದಿಡುತ್ತೇವೆ.