ಮೂರು ತುಂಡಾದ ಬೆಂಚು



ಇಲ್ಲಿ ಕೂತಿರೋರಲ್ಲಿ ತುಂಬಾ ಜನ ಕಾಕ್ಕನಾಡಿನ ಇನ್ಫೋಪಾರ್ಕಿನಲ್ಲೋ ತಿರುವನಂತಪುರದ ಟೆಕ್ನೋಪಾರ್ಕಿನಲ್ಲೋ ಕೆಲಸ ಮಾಡೋರು. ಹೊಸ ಊರಿಗೆ ಬಂದಾಗ ಬಾಡಿಗೆ ಎಷ್ಟು, ಬಸ್ಸು ಎಷ್ಟೊತ್ತಿಗೆ, ದೋಸೆ ಎಲ್ಲಿ ಚೆನ್ನಾಗಿರುತ್ತೆ ಅಂತೆಲ್ಲ ವಿಚಾರಿಸ್ತೀವಿ. ಆದರೆ ಈ ಊರಲ್ಲಿ ಯಾರು ಎಲ್ಲಿ ಕೂರಬಹುದು, ಯಾರ ಪಕ್ಕ ಕೂರಬಹುದು, ಎಷ್ಟು ಹೊತ್ತು ಕೂರಬಹುದು ಅಂತ ಕೇಳಲ್ಲ. ಅದಕ್ಕೆ ಬೋರ್ಡ್ ಇರಲ್ಲ, ನಿಯಮ ಮಾತ್ರ ಇರುತ್ತೆ. ಮುರಿದಾಗಲೇ ಅದು ಕಣ್ಣಿಗೆ ಬೀಳೋದು.

2022ರ ಜುಲೈನಲ್ಲಿ ತಿರುವನಂತಪುರದಲ್ಲಿ ಅದು ಕಣ್ಣಿಗೇ ಬಿತ್ತು. ಅಲ್ಲಿನ ಎಂಜಿನಿಯರಿಂಗ್ ಕಾಲೇಜಿನ, ಅಂದರೆ ಸಿಇಟಿಯ, ಹತ್ತಿರ ಒಂದು ಬಸ್ ತಂಗುದಾಣ. ಅದರಲ್ಲಿದ್ದ ಉದ್ದನೆಯ ಬೆಂಚನ್ನು ಕತ್ತರಿಸಿ, ಒಬ್ಬೊಬ್ಬರೇ ಕೂರೋ ಹಾಗೆ ಮೂರು ಸೀಟು ಮಾಡಿದ್ದರು. ಹುಡುಗ ಹುಡುಗಿ ಒತ್ತಾಗಿ ಕೂರಬಾರದು ಅಂತ. ವಿದ್ಯಾರ್ಥಿಗಳು ಏನು ಮಾಡಿದರು ಗೊತ್ತಾ? ಒಬ್ಬರ ತೊಡೆ ಮೇಲೆ ಒಬ್ಬರು ಕೂತು ಫೋಟೋ ಹಾಕಿದರು. ಮೇಯರ್ ಆರ್ಯಾ ರಾಜೇಂದ್ರನ್ ಸ್ಥಳಕ್ಕೇ ಬಂದು ಇದು ಸರಿಯಲ್ಲ ಅಂದರು. ಸೆಪ್ಟೆಂಬರಿನಲ್ಲಿ ನಗರಪಾಲಿಕೆ ಆ ತಂಗುದಾಣವನ್ನೇ ಕೆಡವಿತು.

ಹುಡುಗ ಹುಡುಗಿ ಒಟ್ಟಿಗೆ ಕೂರಬಾರದು ಅನ್ನೋ ಕಾನೂನು ಕೇರಳದಲ್ಲಿ ಇಲ್ಲವೇ ಇಲ್ಲ. ಹಾಗಿದ್ದರೂ ಬೆಂಚು ತುಂಡಾಯಿತು. ಇದರ ಹಿಂದೆ ಇದ್ದದ್ದು ಸ್ಥಳೀಯ ನಿವಾಸಿಗಳ ಸಂಘ ಅಂತ ಆಗ ಸುದ್ದಿಯಾಯಿತು. ಗೂಂಡಾಗಳಲ್ಲ, ನಮ್ಮ ನಿಮ್ಮಂಥ ಮನೆಮಠ ಇರೋರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಮತ್ತೆ ಬರ್ತೀನಿ.

ಇನ್ನು ಕೊಚ್ಚಿಯ ಮರೀನ್ ಡ್ರೈವ್. 2017ರ ಮಾರ್ಚ್ 8, ಮಹಿಳಾ ದಿನ. ಶಿವಸೇನೆಯ ಕಾರ್ಯಕರ್ತರು ಬೆತ್ತ ಹಿಡಿದು ಬಂದು, ಅಲ್ಲಿ ಕೂತಿದ್ದ ಜೋಡಿಗಳನ್ನು ಓಡಿಸಿದರು. ಪೊಲೀಸರು ಅಲ್ಲೇ ಇದ್ದರು, ತಡೀಲಿಲ್ಲ. ಬೆತ್ತ ಬೀಸೋರು ಬೆರಳೆಣಿಕೆಯಷ್ಟು ಜನ. ನಿಂತು ನೋಡೋರು ಅವರಿಗಿಂತ ಜಾಸ್ತಿ. ಬರೆಯದ ನಿಯಮ ನಿಲ್ಲೋದು ಈ ನಿಂತು ನೋಡೋರ ಬಲದ ಮೇಲೆ.

ಅದೇ ಕೊಚ್ಚಿಯ ನೂರು ವರ್ಷ ಹಿಂದಿನ ಕಥೆ ಕೇಳಿ. ಪುಲಯ ಸಮುದಾಯದವರಿಗೆ ಎರ್ನಾಕುಲಂನಲ್ಲಿ ನೆಲದ ಮೇಲೆ ಸಭೆ ಸೇರೋಕೆ ಜಾಗ ಇರಲಿಲ್ಲ. ಕೊಡೋರೂ ಇರಲಿಲ್ಲ. 1913ರಲ್ಲಿ ಅವರು ಕಾಯಲ್‌ಗೆ, ಅಂದರೆ ಹಿನ್ನೀರಿಗೆ, ಇಳಿದರು. ದೋಣಿಗೆ ದೋಣಿ ಕಟ್ಟಿ, ನೀರಿನ ಮೇಲೇ ಸಭೆ ನಡೆಸಿದರು. ಪಂಡಿತ್ ಕರುಪ್ಪನ್ ಜೊತೆಗಿದ್ದರು. ಅದನ್ನು ಕಾಯಲ್ ಸಮ್ಮೇಳನ ಅಂತಾರೆ. ಇವತ್ತು ನಾವು ಸಂಜೆ ವಾಕ್ ಹೋಗೋ ಮರೀನ್ ಡ್ರೈವ್ ಇದೆಯಲ್ಲ, ಅದು ಆ ಹಿನ್ನೀರನ್ನೇ ತುಂಬಿಸಿ ಮಾಡಿದ ನೆಲ.

ತಿರುವನಂತಪುರದ ಹತ್ತಿರದ ವೆಂಙಾನೂರಿನಲ್ಲಿ 1893ರಲ್ಲಿ ಅಯ್ಯನ್‌ಕಾಳಿ ಎತ್ತಿನ ಗಾಡಿ ಏರಿ ಸಾರ್ವಜನಿಕ ರಸ್ತೆಯಲ್ಲಿ ಹೊರಟರು. ಅವರ ಜಾತಿಯವರಿಗೆ ಆ ರಸ್ತೆಯಲ್ಲಿ ನಡೆಯೋದಕ್ಕೇ ಬಿಡ್ತಿರಲಿಲ್ಲ. ಅವರು ಅರ್ಜಿ ಬರೆದು ಕಾಯಲಿಲ್ಲ. ಗಾಡಿ ಹೂಡಿದರು, ಅಷ್ಟೇ.

ಜನ ಸೇರಿದರೆ ನಿಯಮ ಹೇಗೆ ಬದಲಾಗುತ್ತೆ ಅಂತ ನೋಡಬೇಕಾದರೆ ಆಟ್ಟುಕಾಲ್ ಪೊಂಗಾಲದ ದಿನ ತಿರುವನಂತಪುರಕ್ಕೆ ಹೋಗಿ. ದೇವಸ್ಥಾನದ ಸುತ್ತ ಕಿಲೋಮೀಟರುಗಟ್ಟಲೆ ರಸ್ತೆಯೆಲ್ಲ ಹೆಂಗಸರದ್ದು. 2009ರಲ್ಲಿ 25 ಲಕ್ಷ ಜನ ಸೇರಿದ್ದರು ಅಂತ ಗಿನ್ನೆಸ್ ದಾಖಲೆಯಿದೆ. ಇಟ್ಟಿಗೆ ಇಟ್ಟವರದ್ದೇ ಆ ಒಲೆಯ ಜಾಗ. ಗಂಡಸರು ನೀರು, ಮಜ್ಜಿಗೆ ಹಂಚ್ತಾರೆ.

ಆದರೆ ಅದೇ ರಸ್ತೆಯಲ್ಲಿ ಬೇರೆ ದಿನ ರಾತ್ರಿ ಹತ್ತು ಗಂಟೆಗೆ ಒಬ್ಬಳೇ ಹೆಣ್ಣುಮಗಳು ನಿಂತರೆ? "ಏನು ಇಲ್ಲಿ?" ಅಂತ ನಾಲ್ಕು ಜನ ಕೇಳ್ತಾರೆ. ಅದಕ್ಕೇ 2019ರ ಡಿಸೆಂಬರ್ 29ರಂದು, ನಿರ್ಭಯಾ ದಿನ, ಕೇರಳ ಸರ್ಕಾರವೇ ಹೆಂಗಸರ ರಾತ್ರಿ ನಡಿಗೆ ಏರ್ಪಡಿಸಿತು. ಸಾರ್ವಜನಿಕ ಜಾಗ ನನ್ನದೂ ಹೌದು ಅನ್ನೋದು ಅದರ ಘೋಷಣೆ. ಆ "ಊ" ಅನ್ನೋ ಒಂದು ಅಕ್ಷರದಲ್ಲೇ ಎಲ್ಲ ಇದೆ.

ಈಗ ನಮ್ಮ ವಿಷಯ. ಕೊಚ್ಚಿಗೆ ನಾವೂ ವಲಸೆ ಬಂದವರು, ಬಂಗಾಳ, ಅಸ್ಸಾಮಿನಿಂದ ಬಂದ ಕಟ್ಟಡ ಕಾರ್ಮಿಕರೂ ವಲಸೆ ಬಂದವರು. ಸರ್ಕಾರಿ ಭಾಷೆಯಲ್ಲಿ ಅವರು ಅತಿಥಿ ಕಾರ್ಮಿಕರು, ಬೀದಿಯಲ್ಲಿ "ಭಾಯಿ". ನಮಗೆ ಮಾತ್ರ "ಸಾರ್". ಭಾನುವಾರ ನಾವು ನಾಲ್ಕು ಜನ ಪಾರ್ಕಿನಲ್ಲಿ ಕನ್ನಡದಲ್ಲಿ ಹರಟಿದರೆ ಅದು ಗೆಳೆಯರ ಕೂಟ. ಅವರು ನಾಲ್ಕು ಜನ ಅದೇ ಬೆಂಚಿನ ಮೇಲೆ ಕೂತರೆ "ಗುಂಪು". ಕೂತಿದ್ದರಲ್ಲಿ ವ್ಯತ್ಯಾಸ ಏನಿದೆ?

ಇನ್ನು ಬೆಂಗಳೂರಿಗೆ ಹೋದರೆ ನಾವೇ ಅಪಾರ್ಟ್‌ಮೆಂಟ್ ಸಂಘದ ಮೆಂಬರು. ಮನೆಕೆಲಸದವರು ಈ ಲಿಫ್ಟ್ ಹತ್ತಬಾರದು, ಡೆಲಿವರಿ ಹುಡುಗ ಲಾಬಿಯಲ್ಲಿ ಕೂರಬಾರದು ಅಂತ ವಾಟ್ಸಾಪ್ ಗುಂಪಿನಲ್ಲಿ ಮೆಸೇಜ್ ಬರುತ್ತೆ. ನಾವು ಹೆಬ್ಬೆರಳು ಒತ್ತಿ ಮುಂದೆ ಹೋಗ್ತೀವಿ. ಸಿಇಟಿ ಹತ್ತಿರದ ಬೆಂಚನ್ನು ಕತ್ತರಿಸಿದ್ದೂ ಇಂಥದೇ ಒಪ್ಪಿಗೆ.

ಅಯ್ಯನ್‌ಕಾಳಿ ಹಾಗೆ ಗಾಡಿ ಹೂಡಿ ಅಂತ ನಾನು ಹೇಳ್ತಿಲ್ಲ, ಅಷ್ಟು ಧೈರ್ಯ ನನಗೂ ಇಲ್ಲ. ಮುಂದಿನ ಸಲ ಅಂಥ ಮೆಸೇಜ್ ಬಂದಾಗ, "ಯಾಕೆ ಕೂರಬಾರದು?" ಅಂತ ಎರಡೇ ಪದ ಟೈಪ್ ಮಾಡಿ. ಉತ್ತರ ಕೊಡೋಕೆ ಎಷ್ಟು ಜನ ತಡವರಿಸ್ತಾರೆ ಅಂತ ನೋಡಿ.