ಅಪ್ಪುವನ್ನು ಮಾರುವ ಹೊತ್ತು



ನಾನು ಚೇಕಾಡಿಯವನು. ಎಸ್.ಎಸ್.ಎಲ್.ಸಿ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಫುಟ್‌ಬಾಲ್ ಬಗ್ಗೆ ಮಾತನಾಡಲು ಇವನಿಗೇನು ಅರ್ಹತೆ ಎಂದು ತಾವು ಕೇಳಿದರೆ ತಪ್ಪಿಲ್ಲ. ನಮ್ಮ ಕಡೆ ಗದ್ದೆ ಕೊಯ್ಲಾದ ಮೇಲೆ ತಂಡಕ್ಕೆ ಏಳೇಳು ಜನರಂತೆ ಆಡುವ ಸೆವೆನ್ಸ್ ಪಂದ್ಯ ನಡೆದಾಗ ನಾನು ವಂತಿಗೆಯ ರಸೀತಿ ಬರೆದಿದ್ದೇನೆಯೇ ಹೊರತು ಒಮ್ಮೆಯೂ ಚೆಂಡು ಒದ್ದವನಲ್ಲ. ಆದರೂ ಕಳೆದ ಐದಾರು ವರ್ಷಗಳಿಂದ ನಾನೊಂದು ಫುಟ್‌ಬಾಲ್ ತಂಡದ ಯಜಮಾನ. ಆ ತಂಡ ಇರುವುದು ಇಂಟರ್‌ನೆಟ್ಟಿನಲ್ಲಿ.

2020ರಲ್ಲಿ ಲಾಕ್‌ಡೌನ್ ಆಗಿ ಗಡಿ ಮುಚ್ಚಿದಾಗ ಮೈಸೂರಿನಲ್ಲಿರುವ ಮಗಳ ಮಗ ನಮ್ಮ ಮನೆಯಲ್ಲೇ ಉಳಿದುಬಿಟ್ಟ. ಮುದುಕನ ಹೊತ್ತು ಹೋಗಲೆಂದು ಅವನೇ ನನ್ನ ಹೆಸರಿನಲ್ಲಿ ತಂಡ ನೋಂದಾಯಿಸಿದ. ಹ್ಯಾಟ್ರಿಕ್ ಎಂದು ಆಟದ ಹೆಸರು. 1997ರಲ್ಲಿ ಸ್ವೀಡನ್ನಿನಲ್ಲಿ ಶುರುವಾದದ್ದು. ಇದರಲ್ಲಿ ಬೊಂಬೆಗಳು ಓಡುವುದಿಲ್ಲ, ಗುಂಡಿ ಒತ್ತಿ ಗೋಲು ಹೊಡೆಯುವುದೂ ಇಲ್ಲ. ವಾರಕ್ಕೊಂದು ಲೀಗ್ ಪಂದ್ಯ, ನಡುವೆ ಇನ್ನೊಂದು. ಉಳಿದ ದಿನವೆಲ್ಲ ಸಂಬಳ, ತರಬೇತಿ, ಕೊಳ್ಳುವುದು, ಮಾರುವುದು. ಪರದೆ ತುಂಬ ಅಂಕಿ. ಲೆಡ್ಜರು ಮತ್ತೆ ಸಿಕ್ಕಿದಂತಾಗಿ ನನಗೆ ಖುಷಿಯಾಯಿತು.

ಈ ಆಟದಲ್ಲಿ ಹಣ ಮಾಡುವ ದೊಡ್ಡ ದಾರಿ ಒಂದೇ. ಹದಿನೇಳು ವಯಸ್ಸಿನ ಹುಡುಗರನ್ನು ಕೊಂಡು, ವಾರಗಟ್ಟಲೆ ಪಳಗಿಸಿ, ಬೆಲೆ ಏರಿದಾಗ ಮಾರುವುದು. ಕೊಳ್ಳುವುದು ಸುಲಭ, ಪಳಗಿಸುವುದಕ್ಕೆ ತಾಳ್ಮೆ ಸಾಕು. ಮಾರುವುದು ಯಾವಾಗ ಎಂಬಲ್ಲಿಯೇ ನನ್ನಂಥವರು ಎಡವುವುದು.

2021ರ ನವೆಂಬರಿನಲ್ಲಿ ನಾವೊಬ್ಬ ಪೋಲೆಂಡಿನ ಹುಡುಗನನ್ನು ಕೊಂಡೆವು. ಅವನ ಹೆಸರು ನನ್ನ ನಾಲಿಗೆಗೆ ಹೊರಳುತ್ತಿರಲಿಲ್ಲ. ಪುನೀತ್ ರಾಜ್‌ಕುಮಾರ್ ಅವರು ತೀರಿಕೊಂಡು ಕೆಲವೇ ದಿನ ಆಗಿತ್ತು. ಎಂಟನೇ ತರಗತಿಯಲ್ಲಿದ್ದ ಮೊಮ್ಮಗ ಫೋನಿನಲ್ಲಿ ಹೇಳಿದ: "ಇವನನ್ನ ಅಪ್ಪು ಅಂತ ಕರೆಯೋಣ ತಾತ." ಹಾಗೆಯೇ ಆಗಲಿ ಎಂದೆ. ಆಟಗಾರನಿಗೆ ಹೆಸರಿಡುವುದರಲ್ಲಿ ಎಂಥ ಅಪಾಯವಿದೆ ಎಂದು ಆಗ ತಿಳಿಯಲಿಲ್ಲ.

ಅಪ್ಪು ಮೈದಾನದ ನಡುವೆ ನಿಂತು ಆಟ ಕಟ್ಟುವವನು. ಆ ವಿದ್ಯೆಗೆ ಪ್ಲೇಮೇಕಿಂಗ್ ಎನ್ನುತ್ತಾರೆ. ಇದನ್ನು ಕಲಿಸುವಾಗ ಒಂದು ಪಂದ್ಯದಲ್ಲಿ ನಡುವಿನ ಮೂರು ಜನಕ್ಕೆ ಮಾತ್ರ ಪೂರ್ತಿ ತರಬೇತಿ ಸಿಗುತ್ತದೆ. ವಾರಕ್ಕೆ ಎರಡು ಪಂದ್ಯವೆಂದರೆ ಆರು ಜಾಗ. ತಾವು ಈ ಆರನ್ನು ನೆನಪಿಟ್ಟುಕೊಳ್ಳಬೇಕು.

ವಯಸ್ಸಿನ ಲೆಕ್ಕವೂ ಬೇರೆ. ಹದಿನಾರು ವಾರಕ್ಕೆ, ಅಂದರೆ 112 ದಿನಕ್ಕೆ, ಆಟಗಾರನಿಗೆ ಒಂದು ವರ್ಷ ತುಂಬುತ್ತದೆ. ಹದಿನೇಳರ ಹುಡುಗ ಕೆಲವೇ ವಾರದಲ್ಲಿ ಒಂದು ಮೆಟ್ಟಿಲು ಹತ್ತುತ್ತಾನೆ. ವಯಸ್ಸು ಏರಿದಂತೆ, ಮೆಟ್ಟಿಲು ಏರಿದಂತೆ, ಮುಂದಿನದಕ್ಕೆ ಹೆಚ್ಚು ವಾರ ಬೇಕು. ಹುಟ್ಟುಹಬ್ಬದ ದಿನ ಅವನ ಸಂಬಳವೂ ಹೊಸದಾಗಿ ನಿಗದಿಯಾಗುತ್ತದೆ. ಕೊಳ್ಳುವವರು ವಯಸ್ಸು ಹಾಕಿ ಹುಡುಕುವುದರಿಂದ ಇಪ್ಪತ್ತೊಂದರ ಹುಡುಗನಿಗೆ ಇಪ್ಪತ್ತೆರಡು ತುಂಬಿದೊಡನೆ ಎಷ್ಟೋ ಗಿರಾಕಿಗಳ ಕಣ್ಣಿಗೆ ಅವನು ಬೀಳುವುದೇ ಇಲ್ಲ. ನಿನ್ನೆ ಇದ್ದವನೇ ಇವತ್ತೂ ಇದ್ದಾನೆ, ಆದರೆ ಬೆಲೆ ಮಾತ್ರ ಇಳಿದಿದೆ.

ಆದ್ದರಿಂದ ಮಾರುವವನು ಎರಡು ತಾರೀಖು ನೋಡಬೇಕು. ಹೊಸ ಮೆಟ್ಟಿಲು ಹತ್ತಿದ ವಾರ ಒಂದು, ಮುಂದಿನ ಹುಟ್ಟುಹಬ್ಬ ಇನ್ನೊಂದು. ಮೊದಲನೆಯದು ಕಳೆದು ಎರಡನೆಯದು ಬರುವ ಮುಂಚೆ ಹರಾಜಿಗೆ ಹಾಕಬೇಕು. ಹುಟ್ಟುಹಬ್ಬದೊಳಗೆ ಇನ್ನೊಂದು ಮೆಟ್ಟಿಲು ಸಿಗುವಂತಿದ್ದರೆ ಕಾಯಬಹುದು. ಹರಾಜಿಗೂ ಗಳಿಗೆ ಇದೆ. ಹಾಕಿದ ಹೊತ್ತಿನಿಂದ ಸರಿಯಾಗಿ ಮೂರು ದಿನಕ್ಕೆ ಅದು ಮುಗಿಯುತ್ತದೆ. ಬೆಳಿಗ್ಗೆ ಆರಕ್ಕೆ ಕಾಫಿ ಕುಡಿಯುತ್ತ ಹಾಕಿದರೆ ಮುಗಿಯುವುದೂ ಬೆಳಿಗ್ಗೆ ಆರಕ್ಕೆ, ಆಗ ಯೂರೋಪಿನವರೆಲ್ಲ ನಿದ್ದೆಯಲ್ಲಿರುತ್ತಾರೆ. ರಾತ್ರಿ ಹನ್ನೊಂದೂವರೆಗೆ ಹಾಕಿದರೆ ಅವರಿಗೆ ಸಂಜೆ ಏಳೋ ಎಂಟೋ ಆಗಿರುತ್ತದೆ. ಕೊನೆಯ ಮೂರು ನಿಮಿಷದೊಳಗೆ ಯಾರಾದರೂ ಕೂಗಿದರೆ ಅವಧಿ ಮತ್ತೆ ಮೂರು ನಿಮಿಷ ಮುಂದೆ ಹೋಗುತ್ತದೆ. ಒಬ್ಬರ ಮೇಲೊಬ್ಬರು ಏರಿಸುವುದು ಆ ಹೊತ್ತಿನಲ್ಲಿಯೇ. ದಳ್ಳಾಳಿಯ ಪಾಲು ಇತ್ಯಾದಿ ಇದ್ದೇ ಇದೆ, ಅದನ್ನು ಬಿಡೋಣ.

ಇಷ್ಟೆಲ್ಲ ನನಗೆ ಗೊತ್ತಿತ್ತು. 2023ರ ಜುಲೈಯಲ್ಲಿ ಅಪ್ಪುವಿಗೆ ಇಪ್ಪತ್ತೆರಡು ನಡೆಯುತ್ತಿತ್ತು. ಹೊಸ ಮೆಟ್ಟಿಲು ಹತ್ತಿದ್ದ. ಅವನಂಥವರು ಏನು ಬೆಲೆಗೆ ಹೋಗುತ್ತಿದ್ದಾರೆಂದು ನೋಡಿ ಕಾಗದದಲ್ಲಿ ಬರೆದಿಟ್ಟುಕೊಂಡೆ. ಮೊಮ್ಮಗನಿಗೆ ಫೋನು ಮಾಡಿ, "ಇದೇ ಹೊತ್ತು ಕಣಪ್ಪ" ಎಂದೆ.

ಅದೇ ತಿಂಗಳು ಕೇರಳ ಬ್ಲಾಸ್ಟರ್ಸ್ ತಂಡದವರು ಸಹಲ್ ಅಬ್ದುಲ್ ಸಮದ್ ಅವರನ್ನು ಮೋಹನ್ ಬಾಗಾನಿಗೆ ಬಿಟ್ಟುಕೊಟ್ಟಿದ್ದರು. ಬದಲಿಗೆ ಪ್ರೀತಮ್ ಕೋಟಾಲ್ ಬಂದರು, ಜೊತೆಗೆ ಹಣವೂ ಬಂತು. ಸಹಲ್ ಕಣ್ಣೂರಿನ ಮನೆತನದವರು, ಆಗ ಅವರಿಗೆ ಇಪ್ಪತ್ತಾರು. ನಮ್ಮ ಕಡೆಯ ಹುಡುಗರಿಗೆಲ್ಲ ಮನೆಯವನೇ ಹೋದಷ್ಟು ಸಂಕಟ. ಪ್ರತಿ ಬೇಸಿಗೆ ಇಲ್ಲಿಗೆ ಬಂದು ಬಂದು ನನ್ನ ಮೊಮ್ಮಗನಿಗೂ ಬ್ಲಾಸ್ಟರ್ಸ್ ಹುಚ್ಚು ಹತ್ತಿತ್ತು.

"ಅವರು ಮಾರಿದರು ಅಂತ ನೀವೂ ಅಪ್ಪುನ ಮಾರ್ತೀರಾ ತಾತ?" ಎಂದ.

ನನಗೆ ಉತ್ತರ ಹೊಳೆಯಲಿಲ್ಲ. ನಿಜವಾದ ಕ್ಲಬ್ಬುಗಳಿಗೆ ಇರುವ ಒತ್ತಾಯ ನಮಗಿರಲಿಲ್ಲ. ಅಲ್ಲಿ ಕರಾರು ಎಂಬುದಿದೆ. ಜಾನ್ ಮಾರ್ಕ್ ಬಾಸ್ಮನ್ ಎಂಬ ಬೆಲ್ಜಿಯಮ್ಮಿನ ಆಟಗಾರ ಹೂಡಿದ ಮೊಕದ್ದಮೆಯಲ್ಲಿ 1995ರ ಡಿಸೆಂಬರಿನಲ್ಲಿ ಯೂರೋಪಿನ ನ್ಯಾಯಾಲಯ ತೀರ್ಪು ಕೊಟ್ಟ ಮೇಲೆ, ಕರಾರು ಮುಗಿದ ಆಟಗಾರ ಹಳೆಯ ಕ್ಲಬ್ಬಿಗೆ ಬಿಡಿಗಾಸು ಕೊಡಿಸದೆ ಹೋಗಬಹುದು. ಆದ್ದರಿಂದ ಅವಧಿ ಮುಗಿಯುವ ಮುಂಚೆ ಮಾರಲೇಬೇಕಾಗುತ್ತದೆ. ಹ್ಯಾಟ್ರಿಕ್‌ನಲ್ಲಿ ಕರಾರು ಮುಗಿಯುವುದೆಂಬುದಿಲ್ಲ. ಸಂಬಳ ಕೊಡುತ್ತಿದ್ದರೆ ಆಟಗಾರ ಎಷ್ಟು ವರ್ಷವಾದರೂ ಇರುತ್ತಾನೆ. ಯಾರೂ ನೋಟೀಸು ಕೊಡುವುದಿಲ್ಲ. ಹಾಗಾಗಿ ನಾಳೆ ನೋಡೋಣ ಎನ್ನುವುದು ಸುಲಭ.

ನಾನು "ಆಗಲಿ, ಇರಲಿ" ಎಂದೆ.

ಬ್ಯಾಂಕಿನಲ್ಲಿ ಚಿನ್ನದ ಸಾಲದ ಕೌಂಟರಿನಲ್ಲಿ ಕುಳಿತವನು ನಾನು. ಅಜ್ಜಿಯ ಸರವೆಂದು ಮಾರಲು ಮನಸ್ಸಾಗದೆ ವರ್ಷ ವರ್ಷ ಬಡ್ಡಿ ಕಟ್ಟಿ, ಕೊನೆಗೆ ಹರಾಜಿಗೆ ಬಿಟ್ಟವರನ್ನು ಕಂಡಿದ್ದೇನೆ. ಅವರಿಗೆ ಬುದ್ಧಿ ಹೇಳಿದ್ದೂ ಇದೆ. ಈಗ ಕೌಂಟರಿನ ಆಚೆ ನಿಂತವನು ನಾನೇ.

ಅಪ್ಪು ಉಳಿದ. ಇಪ್ಪತ್ಮೂರಾಯಿತು, ಇಪ್ಪತ್ನಾಲ್ಕಾಯಿತು. ಚೆನ್ನಾಗಿಯೇ ಆಡಿದ, ಎರಡು ಪಂದ್ಯ ಅವನಿಂದಲೇ ಗೆದ್ದೆವು. ಸಂಬಳ ಏರಿತು, ಅದನ್ನು ನಾನು ಪ್ರತಿ ವಾರ ನೋಡುತ್ತಿದ್ದೆ. ನೋಡದೆ ಬಿಟ್ಟದ್ದು ಆ ಆರು ಜಾಗವನ್ನು. ಒಂದರಲ್ಲಿ ಅಪ್ಪು ಕುಳಿತಿದ್ದ. ಬೆಂಚಿನಲ್ಲಿ ಹದಿನೇಳರ ಇನ್ನೊಬ್ಬ ಹುಡುಗ ಇದ್ದ, ಕೊಂಡು ತಂದವರು ನಾವೇ. ಅವನಿಗೆ ಹೆಸರಿಟ್ಟಿರಲಿಲ್ಲ. ತರಬೇತಿ ಇಲ್ಲದೆ ಅವನಿಗೆ ಹದಿನೆಂಟಾಯಿತು, ಹತ್ತೊಂಬತ್ತಾಯಿತು. ನಮ್ಮ ಗದ್ದೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೈರು ಒಟ್ಲಿನಲ್ಲೇ ಬಲಿತರೆ ಆಮೇಲೆ ನಾಟಿ ಮಾಡಿದರೂ ತೆಂಡೆ ಒಡೆಯುವುದು ಕಡಿಮೆ. ಅಪ್ಪುವನ್ನು ಇಟ್ಟುಕೊಂಡದ್ದರ ನಷ್ಟ ಅಪ್ಪುವಿನ ಖಾತೆಯಲ್ಲಿ ಕಾಣುವಂಥದ್ದಲ್ಲ, ಆ ಹುಡುಗನ ಖಾತೆಯಲ್ಲಿ ಹುಡುಕಬೇಕು. ಮೂವತ್ತು ವರ್ಷಕ್ಕೂ ಮೇಲೆ ಜಮಾ ಖರ್ಚು ಬರೆದವನಿಗೆ ಇದು ತಿಳಿಯಲು ಒಂದು ವರ್ಷ ಬೇಕಾಯಿತು.

ಕೊನೆಗೆ ಆ ಹುಡುಗನನ್ನು ಕೊಂಡದ್ದಕ್ಕಿಂತ ಕಡಿಮೆಗೆ ಮಾರಿದೆ. ಅದನ್ನು ಮೊಮ್ಮಗನಿಗೆ ತಿಳಿಸಲಿಲ್ಲ. ಅವನೂ ಕೇಳಲಿಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಪಿ.ಯು.ಸಿ. ಸೇರಿದ್ದ, ಟ್ಯೂಷನ್ನು, ಲ್ಯಾಬು. ದಿನಕ್ಕೊಂದು ಬಾರಿ ಬರುತ್ತಿದ್ದ ಫೋನು ವಾರಕ್ಕೊಂದಾಯಿತು, ಆಮೇಲೆ ಹಬ್ಬಕ್ಕೊಂದು. ಅಪ್ಪು ಇದ್ದರೆ ಅವನ ಸುದ್ದಿ ಹೇಳಲಾದರೂ ನಾನೇ ಫೋನು ಮಾಡಬಹುದಿತ್ತು. ಮಾರದೆ ಇದ್ದುದಕ್ಕೆ ಇದೂ ಕಾರಣ ಎಂದು ತಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

2024ರ ದೀಪಾವಳಿಗೆ ಅವನು ಫೋನು ಮಾಡಿದ. ಮಾತಿನ ನಡುವೆ, "ಅಪ್ಪುಗೆ ಎಷ್ಟಾಯ್ತು ತಾತ?" ಎಂದ. ಇಪ್ಪತ್ತಾರು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾರಿಬಿಡಿ, ನಾನಂತೂ ನೋಡೋಕೇ ಆಗ್ತಿಲ್ಲ" ಎಂದ.

ರಾತ್ರಿ ಹನ್ನೊಂದೂವರೆಗೆ ಹರಾಜಿಗೆ ಹಾಕಿದೆ. ಮೂರನೆಯ ರಾತ್ರಿ ಹೆಂಡತಿ ಗೊಣಗಿದರೂ ಎದ್ದು ಕುಳಿತೆ. ಹನ್ನೊಂದೂಕಾಲಿಗೆ ಕರೆಂಟು ಹೋಯಿತು, ಅದರ ಹಿಂದೆಯೇ ನೆಟ್‌ವರ್ಕೂ ಹೋಯಿತು. ನಮ್ಮ ಊರು ಮೂರು ಸುತ್ತ ಕಾಡು. ಕತ್ತಲಲ್ಲಿ ಗದ್ದೆಯ ಕಡೆ ಆನೆ ಅಟ್ಟುವವರ ಕೂಗು ಕೇಳುತ್ತಿತ್ತು. ಅಲ್ಲಿ ಯಾರು ಎಷ್ಟಕ್ಕೆ ಕೂಗುತ್ತಿದ್ದಾರೋ ತಿಳಿಯದೆ ಕುಳಿತೇ ಇದ್ದೆ.

ಬೆಳಿಗ್ಗೆ ನೋಡಿದರೆ ಉರುಗ್ವೆ ದೇಶದ ಒಂದು ತಂಡಕ್ಕೆ ಹೋಗಿದ್ದ. 2023ರಲ್ಲಿ ಕಾಗದದಲ್ಲಿ ಬರೆದಿಟ್ಟ ಬೆಲೆಯ ಮೂರನೇ ಒಂದು ಪಾಲು ಬಂದಿತ್ತು.

ಆ ಹಣದಲ್ಲಿ ಹದಿನೇಳರ ಇಬ್ಬರನ್ನು ಕೊಂಡೆ. ಅವರ ಹುಟ್ಟುಹಬ್ಬಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೇನೆ. ಮೊಮ್ಮಗ ಕಳೆದ ಬೇಸಿಗೆಯಲ್ಲಿ ಎರಡು ದಿನ ಬಂದಿದ್ದಾಗ ಅದನ್ನು ನೋಡಿ, "ಇದ್ಯಾರ ಬರ್ತ್‌ಡೇ ತಾತ, ಹೆಸರೇ ಬರೆದಿಲ್ಲ?" ಎಂದು ಕೇಳಿದ.