ಚಿತ್ರ ಬರೆಯುವ ಹುಡುಗರೂ ನಮ್ಮ ಗೋಡೆಗಳೂ

(ದಾವಣಗೆರೆಯಲ್ಲಿ ನಡೆದ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯ ಕರಪತ್ರದಲ್ಲಿ ‘ಚಿತ್ರಕಲೆ’ ಎಂಬ ಮಾತು ಕಂಡು ನಿಮ್ಮಲ್ಲಿ ಕೆಲವರು ನಕ್ಕಿರೆಂದು ಕೇಳಿದ್ದೇವೆ. ಮಂಡಕ್ಕಿ ಭಟ್ಟಿಯ ಸಂಗಾತಿಯೊಬ್ಬರು ನಿನ್ನೆ ದಾರಿಯಲ್ಲಿ ನಿಲ್ಲಿಸಿ, “ಏನ್ರೀ ಮೇಷ್ಟ್ರೆ, ಬೋನಸ್ಸಿನ ಮಾತು ಮುಗೀತೇನು, ಬಣ್ಣದ ಮಾತಿಗೆ ಇಳಿದೀರಲ್ಲ?” ಎಂದರು. ಬೋನಸ್ಸಿನ ಮಾತು ಮುಗಿದಿಲ್ಲ; ಅದಕ್ಕೆ ಬೇರೆ ಸಭೆಯಿದೆ. ಆದರೆ ಇದೂ ಕೂಲಿಯ ಮಾತೇ ಆದುದರಿಂದ ಇಂದು ಎತ್ತಿದ್ದೇವೆ.

ನಮ್ಮೂರಿನ ಅಂಗಡಿ ಬೋರ್ಡುಗಳನ್ನು ಕೈಯಿಂದ ಬರೆಯುತ್ತಿದ್ದ ಒಬ್ಬರನ್ನು ನೀವು ಬಲ್ಲಿರಿ. ಹೆಸರು ಬೇಡವೆಂದಿದ್ದಾರೆ. ಫ್ಲೆಕ್ಸ್ ಬಂದ ಮೇಲೆ ಅವರ ಕುಂಚಕ್ಕೆ ಕೆಲಸವಿಲ್ಲದಾಯಿತು. ಈಗ ಅಕ್ಕಿ ಗಿರಣಿಯಲ್ಲಿ ಚೀಲ ಹೊಲಿಯುತ್ತಾರೆ. ಅವರ ಮಗ ಚಿತ್ರಕಲೆ ಓದಿದ. ಭಟ್ಟಿಯ ಹೊಗೆಯಲ್ಲಿ ಮಂಡಕ್ಕಿ ಹುರಿಯುವ ಹೆಂಗಸರನ್ನು ಬರೆದಿದ್ದಾನೆ. ನಾವು ಕಲಾ ವಿಮರ್ಶಕರಲ್ಲ, ಆದರೂ ಆ ಚಿತ್ರದ ಮುಂದೆ ನಿಂತಾಗ ನಮ್ಮ ಕಣ್ಣು ಉರಿದುದು ನಿಜ.

ಹುಡುಗನಿಗೆ ದೊಡ್ಡ ನಗರವೊಂದರಿಂದ ಪತ್ರ ಬಂತು. ‘ಉದಯೋನ್ಮುಖ ಕಲಾವಿದ’ನೆಂದು ಅವನನ್ನು ಆರಿಸಿದ್ದಾರಂತೆ; ಹದಿನೆಂಟು ಸಾವಿರ ರೂಪಾಯಿ ಕಟ್ಟಿದರೆ ಎರಡು ಚಿತ್ರಗಳನ್ನು ಪ್ರದರ್ಶನಕ್ಕಿಟ್ಟು, ಪ್ರಮಾಣಪತ್ರ, ಫಲಕ ಎಲ್ಲವನ್ನೂ ಕೊಡುತ್ತಾರಂತೆ. ತಂದೆ ನಮ್ಮಲ್ಲಿಗೆ ಬಂದು ಪತ್ರ ತೋರಿಸಿದರು. ನಾವು ಓದಿ ಹಿಗ್ಗಿದೆವು. ಹಿಗ್ಗಿದುದು ಸಾಲದೆ, ಸೊಸೈಟಿಯ ಸಾಲಕ್ಕೆ ಜಾಮೀನು ಬರೆದುಕೊಟ್ಟೆವು. ಹುಡುಗ ಚಿತ್ರ ಕಟ್ಟಿಕೊಂಡು ಹೋದ. ಒಂದು ಹೋಟೆಲಿನ ಓಣಿಯಂಥ ಜಾಗದಲ್ಲಿ ನೂರಾರು ಚಿತ್ರಗಳನ್ನು ಒತ್ತೊತ್ತಾಗಿ ತೂಗುಹಾಕಿದ್ದರು. ನೋಡಲು ಬಂದವರು ಯಾರು? ಇವನಂತೆಯೇ ದುಡ್ಡು ಕಟ್ಟಿದ ಹುಡುಗರು, ಅವರ ಅಪ್ಪ ಅಮ್ಮಂದಿರು. ಎರಡು ದಿನದ ಮೇಲೆ ಫಲಕ ಹಿಡಿದು ಊರಿಗೆ ಬಂದ. ಸಾಲದ ಕಂತು ಇನ್ನೂ ನಡೆಯುತ್ತಿದೆ.

ತಪ್ಪು ನಮ್ಮದೂ ಹೌದು. ಮಂಡಿಯ ಲೆಕ್ಕ ಬಲ್ಲ ಯಾವ ವ್ಯಾಪಾರಿಯನ್ನು ಕೇಳಿದ್ದರೂ ಹೇಳುತ್ತಿದ್ದರು. ರೈತ ಮೆಕ್ಕೆಜೋಳ ತಂದರೆ ದಲಾಲಿ ಅಂಗಡಿಯವನು ಮಾಲು ಮಾರಿದ ಮೇಲೆ ಕಮಿಷನ್ ಹಿಡಿಯುತ್ತಾನೆ. ಆ ಹಿಡಿತದ ಬಗೆಗೆ ನಮ್ಮ ತಕರಾರು ಇದ್ದೇ ಇದೆ, ಅದು ಬೇರೆ ಮಾತು. ಆದರೆ ಮಾಲು ಇಳಿಸುವ ಮೊದಲೇ “ನಿನ್ನ ಜೋಳವನ್ನು ನಾಲ್ಕು ಜನ ನೋಡುತ್ತಾರೆ, ಹದಿನೆಂಟು ಸಾವಿರ ಎಣಿಸು” ಎಂದು ಯಾವ ದಲಾಲಿಯೂ ಹೇಳಿದ್ದಿಲ್ಲ. ಚಿತ್ರದ ಗ್ಯಾಲರಿಗೂ ಇದೇ ಗುರುತು. ವ್ಯಾಪಾರವನ್ನೇ ನಂಬಿದ ಗ್ಯಾಲರಿ ಚಿತ್ರ ಮಾರಾಟವಾದ ಮೇಲೆ ಮೂರರಲ್ಲೊಂದು ಪಾಲು, ಕೆಲವೆಡೆ ಅರ್ಧವನ್ನೇ ಹಿಡಿಯುತ್ತದೆ. ಹೆಚ್ಚಾಯಿತೆನ್ನಬಹುದು. ಆದರೆ ಚಿತ್ರ ಮಾರಿದರೆ ಮಾತ್ರ ಅದಕ್ಕೆ ಹೊಟ್ಟೆ ತುಂಬುವುದು, ಆದ್ದರಿಂದ ಕೊಳ್ಳುವವನನ್ನು ಅದೇ ಹುಡುಕಿ ತರುತ್ತದೆ. ಮೊದಲೇ ಹಣ ಹಿಡಿದವನಿಗೆ ಕೊಳ್ಳುವವನು ಏಕೆ ಬೇಕು? ಕಲಾವಿದನೇ ಅವನ ಗಿರಾಕಿ. ಬಾಡಿಗೆ ಸಭಾಂಗಣದ ಮಾತು ಹಾಗಲ್ಲ. ಅಲ್ಲಿ ದರವನ್ನು ಬಾಗಿಲಲ್ಲೇ ಬರೆದಿರುತ್ತಾರೆ. ಆರಿಸಿದ್ದೇವೆಂದು ಯಾರೂ ನಟಿಸುವುದಿಲ್ಲ.

ಹಾಗಾದರೆ ಬಡವರ ಮನೆಯ ಚಿತ್ರಗಾರರು ಹಿಂದೆ ಹೇಗೆ ಬೆಳಕಿಗೆ ಬಂದರು? ಮುಂಬಯಿಯ ಕಥೆ ಕೇಳಿರಿ. 1947ರಲ್ಲಿ ಆರು ಜನ ತರುಣರು ಸೇರಿ ಪ್ರಗತಿಶೀಲ ಕಲಾವಿದರ ಗುಂಪನ್ನು ಕಟ್ಟಿದರು: ಸೋಜಾ, ರಜಾ, ಹುಸೇನ್, ಆರಾ, ಗಾಡೆ, ಬಾಕ್ರೆ. ಸೋಜಾರನ್ನು ಎರಡು ವರ್ಷ ಮೊದಲೇ ಕಲಾಶಾಲೆಯಿಂದ ಹೊರಹಾಕಿದ್ದರು. ಆರಾ ಮನೆಗೆಲಸದ ಹುಡುಗನಾಗಿದ್ದವರು, ಕಾರು ತೊಳೆದು ಬದುಕಿದವರು, ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡವರು. ಹುಸೇನ್ ಸಿನಿಮಾ ಬೋರ್ಡು ಬರೆದವರು. ನಮ್ಮ ಬೋರ್ಡಿನವರ ಕುಲದವರೇ ಎನ್ನಿ.

ಆಗ ಇವರ ಚಿತ್ರಗಳಿಗೆ ಗೋಡೆ ಕೊಟ್ಟವರು ಯಾರು? ಅರಮನೆಯಲ್ಲ. ಕೇಕು ಗಾಂಧಿ ಎಂಬ ಪಾರ್ಸಿ ವ್ಯಾಪಾರಿ 1941ರಲ್ಲಿ ಫೋಟೋಗಳಿಗೆ ಚೌಕಟ್ಟು ಹಾಕುವ ವ್ಯವಹಾರ ತೆರೆದಿದ್ದರು. ಬೀದಿಗೆ ಕಾಣುವ ಅಂಗಡಿಯ ಗಾಜಿನ ಕಿಟಕಿಯಲ್ಲಿ ಈ ಹೊಸಬರ ಚಿತ್ರಗಳನ್ನಿಟ್ಟರು. ಚೌಕಟ್ಟು ಕೊಳ್ಳಲು ಬಂದವರು ಚಿತ್ರ ನೋಡಿದರು. ಆ ಕಿಟಕಿಯೇ ಬೆಳೆದು 1963ರಲ್ಲಿ ಗ್ಯಾಲರಿ ಕೆಮೌಲ್ಡ್ ಆಯಿತು. ವ್ಯಾಪಾರಿ ಮಿತ್ರರು ಇದನ್ನು ಗಮನವಿಟ್ಟು ಕೇಳಬೇಕು. ನಿಮ್ಮ ಅಂಗಡಿಗಳಿಗೂ ಗಾಜಿನ ಕಿಟಕಿಗಳಿವೆ.

ಅದೇ ಮುಂಬಯಿಯ ಜಹಾಂಗೀರ್ ಕಲಾ ಗ್ಯಾಲರಿ 1952ರಲ್ಲಿ ತೆರೆಯಿತು. ಹಣ ಸರ್ ಕಾವಸ್ಜಿ ಜಹಾಂಗೀರರದು. ಬೇಕೇಬೇಕೆಂದು ಒತ್ತಾಯಿಸಿದವರಲ್ಲಿ ನಮ್ಮ ಉಡುಪಿ ಸೀಮೆಯ ಕಟ್ಟಿಂಗೇರಿಯ ಹೆಬ್ಬಾರರೂ ಒಬ್ಬರು. ಈಗ ಅಲ್ಲಿ ಚಿತ್ರ ತೂಗುಹಾಕಲು ವರ್ಷಗಟ್ಟಲೆ ಸರದಿ ಕಾಯಬೇಕು. ಸರದಿ ಸಿಕ್ಕದವರು ಹೊರಗಿನ ಕಾಲುದಾರಿಯಲ್ಲೇ ಚಿತ್ರ ಒರಗಿಸಿ ಕುಳಿತದ್ದೂ ಉಂಟು.

ಇನ್ನೊಂದು ಬಗೆಯ ಗೋಡೆಯೂ ಇದೆ. ಅದು ನೀವು ಕೊಂಡು ಓದುವ ಇಂಥ ವಾರಪತ್ರಿಕೆಯೇ. 1943ರ ಬಂಗಾಳದ ಬರದಲ್ಲಿ ಚಿತ್ತಪ್ರಸಾದರೆಂಬ ತರುಣರು ಮಿಡ್ನಾಪುರದ ಹಳ್ಳಿಗಳಲ್ಲಿ ಕಾಲ್ನಡಿಗೆಯಲ್ಲಿ ತಿರುಗಿ, ಹಸಿದವರನ್ನು ಕಪ್ಪು ಮಸಿಯಲ್ಲಿ ಬರೆದರು. ಕಮ್ಯುನಿಸ್ಟರ ವಾರಪತ್ರಿಕೆ ಅವನ್ನು ಅಚ್ಚು ಹಾಕಿತು. ಚಿತ್ರಗಳು ಪುಸ್ತಕವಾದಾಗ ಬ್ರಿಟಿಷ್ ಸರ್ಕಾರ ಪ್ರತಿಗಳನ್ನು ಹಿಡಿದು ಸುಟ್ಟಿತು. ಆ ಪಕ್ಷದೊಡನೆ ನಮಗೆ ಭಿನ್ನಾಭಿಪ್ರಾಯಗಳು ಬೇಕಾದಷ್ಟಿವೆ. ಆದರೆ ಗ್ಯಾಲರಿಯ ಬಾಗಿಲು ಕಾಣದ ಜನರ ಕೈಗೆ ಚಿತ್ರ ಮುಟ್ಟಿಸಿದರೆಂಬುದನ್ನು ಅಲ್ಲಗಳೆಯಲಾರೆವು.

ಗ್ಯಾಲರಿಯನ್ನೇ ಊರೂರಿಗೆ ಒಯ್ದವರೂ ಇದ್ದಾರೆ. ಠಾಣೆಯಲ್ಲಿ ಎಕ್ಸ್‌ರೇ ವೈದ್ಯರಾಗಿದ್ದ ಸುಧೀರ್ ಪಟವರ್ಧನ್ ತಾವೇ ದೊಡ್ಡ ಚಿತ್ರಕಾರರು, ದುಡಿಯುವ ಜನರನ್ನು ಬರೆದವರು. 2008ರ ಸುಮಾರಿಗೆ ಇಂದಿನ ಕಲಾವಿದರ ಚಿತ್ರಗಳನ್ನು ಆರಿಸಿ, ಮುಂಬಯಿಯ ಹೊರಗಿನ ಮಹಾರಾಷ್ಟ್ರದ ಊರುಗಳಿಗೆ ಪ್ರದರ್ಶನವನ್ನು ಸಾಗಿಸಿದರು.

ನಮ್ಮ ನಾಡಿಗೆ ಬರೋಣ. ಬಾದಾಮಿಯ ಕಡೆಯಿಂದ ಬಂದ ಆರ್. ಎಂ. ಹಡಪದರು 1968ರಲ್ಲಿ ಬೆಂಗಳೂರಿನಲ್ಲಿ ಕೆನ್ ಕಲಾಶಾಲೆ ಕಟ್ಟಿ ಬಡ ಮಕ್ಕಳನ್ನು ಕೈಹಿಡಿದು ಬೆಳೆಸಿದರು. ಲಲಿತಕಲಾ ಅಕಾಡೆಮಿ ವಾರ್ಷಿಕ ಪ್ರದರ್ಶನಕ್ಕೆ ಅರ್ಜಿ ಕರೆಯುತ್ತದೆ. ಚಿತ್ರಕಲಾ ಪರಿಷತ್ತಿನವರು ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಸುತ್ತಾರೆ. ಅರ್ಜಿ ಹಾಕಿ ಆಯ್ಕೆಯಾದರೆ ರಸ್ತೆಯ ಬದಿಯಲ್ಲೇ ಮಳಿಗೆ, ಸಾವಿರಾರು ಜನ ಬಂದು ನೋಡುತ್ತಾರೆ. ನಮ್ಮ ಹುಡುಗರು ಮೊದಲು ಈ ಬಾಗಿಲುಗಳನ್ನು ತಟ್ಟಬೇಕು. ಈ ಬಾಗಿಲುಗಳೂ ತಾವಾಗಿಯೇ ತೆರೆದಿರುವುದಿಲ್ಲ. ಸರ್ಕಾರದ ವೆಂಕಟಪ್ಪ ಕಲಾ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಒಪ್ಪಂದವಾದಾಗ, 2016ರಲ್ಲಿ ಕಲಾವಿದರು ಬೀದಿಗಿಳಿದು ಎದುರಿಸಬೇಕಾಯಿತು. ಸಾರ್ವಜನಿಕ ಸೊತ್ತನ್ನು ಉಳಿಸಿಕೊಳ್ಳುವ ಆ ಜಗಳ ನಮಗೇನು ಹೊಸದಲ್ಲ.

ಕೂಲಿಯ ಮಾತೆಂದೆವಲ್ಲ, ಅದಕ್ಕೆ ಬರುತ್ತೇವೆ. ಹುಸೇನರು 1954ರಲ್ಲಿ ಬರೆದ ‘ಗ್ರಾಮ ಯಾತ್ರೆ’ 2025ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 118 ಕೋಟಿ ರೂಪಾಯಿಗೆ ಹೋಯಿತು. ಬರೆದವರು 2011ರಲ್ಲೇ ತೀರಿಕೊಂಡಿದ್ದರು. ನಮ್ಮ ಹಕ್ಕುಸ್ವಾಮ್ಯ ಕಾಯಿದೆಗೆ 1994ರಲ್ಲಿ ಒಂದು ಕಲಮು ಸೇರಿತು: ಮೂಲಚಿತ್ರ ಮರುಮಾರಾಟದಲ್ಲಿ ಹತ್ತು ಸಾವಿರ ರೂಪಾಯಿಗೆ ಮೇಲ್ಪಟ್ಟು ಹೋದರೆ ಬರೆದವನಿಗೂ ಪಾಲುಂಟು, ಆ ಪಾಲು ನೂರಕ್ಕೆ ಹತ್ತನ್ನು ಮೀರಬಾರದು. ಆದರೆ ಚಿತ್ರ ಯಾರ ಕೈಗೆ ಹೋಯಿತೆಂಬುದೇ ತಿಳಿಯದಿದ್ದರೆ ಪಾಲು ಕೇಳುವುದೆಲ್ಲಿ? ಆದುದರಿಂದ ಹುಡುಗರೆ, ಐನೂರು ರೂಪಾಯಿಯ ಚಿತ್ರವಾದರೂ ರಸೀದಿ ಬರೆಯಿರಿ, ಕೊಂಡವರ ಹೆಸರು, ವಿಳಾಸ, ತಾರೀಖು ಸಹಿತ. ಎಣ್ಣೆ ಅಂಗಡಿಯವರು ಕಾಲು ಲೀಟರಿಗೂ ಬರೆಯುತ್ತಾರೆ.

ಈಗ ನಮ್ಮ ಸಮಿತಿಯ ತೀರ್ಮಾನ. ಯೂನಿಯನ್ ಕಚೇರಿಯ ಮುಂದಿನ ಕೋಣೆಯ ಉದ್ದ ಗೋಡೆಯನ್ನು ಊರಿನ ಚಿತ್ರಗಾರರಿಗೆ ಬಿಟ್ಟುಕೊಡುತ್ತೇವೆ. ಒಬ್ಬೊಬ್ಬರಿಗೆ ಹದಿನೈದು ದಿನ. ಬಾಡಿಗೆಯಿಲ್ಲ, ಮಾರಿದರೆ ಪಾಲಿಲ್ಲ. ಈ ಗೋಡೆಗೆ ಹಾಲಿ ಒಂಬತ್ತು ನಾಯಕರ ಪಟಗಳಿವೆ. ಅವನ್ನು ಒಳಕೋಣೆಗೆ ಸಾಗಿಸುವುದಕ್ಕೆ ಸಮಿತಿಯಲ್ಲಿ ಒಂದೂವರೆ ಗಂಟೆ ವಾದವಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ಹನ್ನೊಂದು ಅಂಗಡಿಯವರು ತಲಾ ಒಂದು ಚಿತ್ರವನ್ನು ಬೆಲೆಚೀಟಿ ಸಮೇತ ಇಡಲು ಒಪ್ಪಿದ್ದಾರೆ. ಮಿರ್ಚಿ ಅಂಗಡಿಯ ಅಣ್ಣನವರು “ಎಣ್ಣೆ ಕಲೆ ಬಿದ್ದರೆ ಯಾರು ಹೊಣೆ?” ಎಂದು ನ್ಯಾಯವಾಗಿಯೇ ಕೇಳಿದರು. ಅವರಿಗೆ ಗಾಜು ಹಾಕಿದ ಚಿತ್ರ ಕೊಡುತ್ತೇವೆ.

ಚಿತ್ರ ಕೊಳ್ಳಿರೆಂದು ದಿನಗೂಲಿಯವರನ್ನು ನಾವು ಕೇಳುವುದಿಲ್ಲ. ಬಂದು ನೋಡಿ, ಚೆನ್ನಾಗಿಲ್ಲದಿದ್ದರೆ ಹುಡುಗನ ಎದುರಿಗೇ ಹೇಳಿ. ಮಕ್ಕಳನ್ನೂ ಕರೆತನ್ನಿ. ಮೇಷ್ಟ್ರಾಗಿದ್ದಾಗ ಡ್ರಾಯಿಂಗ್ ಪೀರಿಯಡ್ಡನ್ನು ಕಸಿದು ಲೆಕ್ಕ ಹೇಳಿಕೊಟ್ಟ ಪಾಪ ನಮ್ಮದೂ ಇದೆ.

ಮೊದಲ ಹದಿನೈದು ದಿನ ಆ ಬೋರ್ಡಿನವರ ಮಗನಿಗೆ. ‘ಯೂನಿಯನ್ ಗೋಡೆ’ ಎಂದು ಬಾಗಿಲ ಮೇಲೆ ಬರೆದುಕೊಡಲು ತಂದೆ ಒಪ್ಪಿದ್ದಾರೆ. ಫ್ಲೆಕ್ಸ್ ಅಲ್ಲ, ಕೈಬರಹವೇ. ಅದಕ್ಕೆ ಕೂಲಿಯೂ ಗೊತ್ತಾಗಿದೆ, ಅದನ್ನು ಸಮಿತಿ ಕೊಡುತ್ತದೆ. ಭಾನುವಾರ ಬೆಳಿಗ್ಗೆ ಮೊಳೆ ಹೊಡೆಯಲು ಇಬ್ಬರು ಬೇಕು. ಕಚೇರಿಯ ಏಣಿ ಮುರಿದಿದೆ. ಗಿರಣಿಯಿಂದ ಯಾರಾದರೂ ಒಂದನ್ನು ತರಬೇಕು.